ಸಿ++ನಿಂದ ಪೈಥಾನ್‌ಗೆ: ಒಂದು ರೂಪಾಯಿಯ ಲೆಕ್ಕ

ಒಂದು ಕಂಪ್ಯೂಟರ್ ಭಾಷೆಯ ಪ್ರೋಗ್ರಾಂ ಅನ್ನು ಇನ್ನೊಂದು ಭಾಷೆಗೆ ಬದಲಾಯಿಸಿಕೊಡುವ ಆನ್‌ಲೈನ್ ಟೂಲ್‌ಗಳು ಈಗ ಬೇಕಾದಷ್ಟಿವೆ. ಎಡಗಡೆ ಸಿ++ ಹಾಕಿ ಬಟನ್ ಒತ್ತಿದರೆ ಬಲಗಡೆ ಪೈಥಾನ್ ಬರುತ್ತದೆ. ಕಾಮರ್ಸ್ ಜೊತೆ ಕಂಪ್ಯೂಟರ್ ಸೈನ್ಸ್ ತೆಗೆದುಕೊಂಡ ನಮ್ಮಲ್ಲಿ ಇದನ್ನು ಬಳಸದವರು ಕಡಿಮೆ. ಅಣ್ಣ-ಅಕ್ಕಂದಿರ ಹಳೆಯ ಲ್ಯಾಬ್ ರೆಕಾರ್ಡ್ ಸಿ++ನಲ್ಲಿದೆ, ನಮಗೆ ಬೇಕಿರುವುದು ಪೈಥಾನ್. ಆದ್ದರಿಂದ ಟೂಲ್ ಬಳಸುವುದು ಹೇಗೆಂದು ನಾನು ಹೇಳಿಕೊಡಬೇಕಾಗಿಲ್ಲ. ಅದು ಕೊಟ್ಟ ಉತ್ತರವನ್ನು ಎಲ್ಲೆಲ್ಲಿ ಪರೀಕ್ಷಿಸಬೇಕು ಎಂಬುದನ್ನಷ್ಟೇ ಬರೆಯುತ್ತೇನೆ.

ನಮ್ಮ ಮನೆಮಾತು ಉರ್ದು. ಉರ್ದುವಿನಲ್ಲಿ ‘ಕಲ್’ ಎಂದರೆ ನಿನ್ನೆಯೂ ಹೌದು, ನಾಳೆಯೂ ಹೌದು. ವಾಕ್ಯದ ಕೊನೆಯ ಕ್ರಿಯಾಪದ ನೋಡಿ ಯಾವುದೆಂದು ತಿಳಿದುಕೊಳ್ಳುತ್ತೇವೆ. ಅದನ್ನೇ ಕನ್ನಡಕ್ಕೆ ತರುವಾಗ ಎರಡರಲ್ಲಿ ಒಂದನ್ನು ಆರಿಸಲೇಬೇಕು. ಸಿ++ನ ಭಾಗಾಕಾರದ ಚಿಹ್ನೆ ‘/’ ಕೂಡ ಹೀಗೆಯೇ. ಎರಡು ಪೂರ್ಣಾಂಕಗಳ ನಡುವೆ ಬಂದರೆ 7/2 ಎಂದರೆ 3. ಒಂದಾದರೂ ದಶಮಾಂಶ ಸಂಖ್ಯೆಯಾಗಿದ್ದರೆ 3.5. ಪೈಥಾನ್‌ನಲ್ಲಿ ಇವೆರಡಕ್ಕೂ ಬೇರೆ ಬೇರೆ ಚಿಹ್ನೆ: ‘/’ ಹಾಕಿದರೆ 3.5, ‘//’ ಹಾಕಿದರೆ 3. ಹಾಗಾಗಿ ಟೂಲ್ ಆ ಒಂದು ಸಾಲನ್ನು ನೋಡಿದರೆ ಸಾಲದು, ಮೇಲೆ ಎಲ್ಲೋ ಆ ವೇರಿಯಬಲ್ ಅನ್ನು ಯಾವ ಬಗೆಯದೆಂದು ಬರೆದಿದ್ದಾರೆ ಎಂದೂ ನೋಡಬೇಕು. ಒಳ್ಳೆಯ ಟೂಲ್‌ಗಳು ಇದನ್ನು ಸರಿಯಾಗಿಯೇ ಮಾಡುತ್ತವೆ. ತೊಂದರೆ ಬರುವುದು ಎರಡು ಭಾಷೆಯಲ್ಲೂ ಒಂದೇ ಹೆಸರಿದ್ದು ಕೆಲಸ ಬೇರೆಯಾಗಿರುವ ಕಡೆ.

ಪಿಲ್ಲಗುಂಪೆ ಕೈಗಾರಿಕಾ ಪ್ರದೇಶದ ಹತ್ತಿರ ನನ್ನ ಮಾಮುವಿನ ಹಾರ್ಡ್‌ವೇರ್ ಅಂಗಡಿ ಇದೆ. ಅಲ್ಲಿಂದ ಫ್ಯಾಕ್ಟರಿಗಳಿಗೆ ನಟ್, ಬೋಲ್ಟ್, ವಾಷರ್ ಹೋಗುತ್ತವೆ. ಬಿಲ್ ಪ್ರೋಗ್ರಾಂ ಅನ್ನು ಮಾಮುವಿನ ಮಗ, ಅಂದರೆ ನಮ್ಮ ಭಾಯಿಜಾನ್, ಡಿಗ್ರಿ ಓದುವಾಗ ಸಿ++ನಲ್ಲಿ ಬರೆದಿದ್ದರು. ಅವರೀಗ ದಮ್ಮಾಮ್‌ನಲ್ಲಿದ್ದಾರೆ. ಏನಾದರೂ ಬದಲಾಯಿಸಬೇಕಾದರೆ ನಾನೇ ಗತಿ, ನನಗೆ ಬರುವುದು ಪೈಥಾನ್. ಅದಕ್ಕೇ ಪ್ರೋಗ್ರಾಂ ಅನ್ನು ಟೂಲ್‌ಗೆ ಹಾಕಿದೆ. ಬಂದದ್ದು ಒಂದೂ ಎರರ್ ಇಲ್ಲದೆ ಓಡಿತು. ಮಾಮು ಇವತ್ತಿನಿಂದಲೇ ಬಳಸೋಣ ಎಂದರು. ನಾನು ಮೊದಲು ಹಳೆಯ ಬಿಲ್‌ಗಳನ್ನು ಎರಡರಲ್ಲೂ ಹಾಕಿ ನೋಡೋಣ ಎಂದೆ.

175 ರೂಪಾಯಿಯ ಸರಕು, 18% ಜಿಎಸ್‌ಟಿ 31.50, ಒಟ್ಟು 206.50. ಹಳೆಯ ಪ್ರೋಗ್ರಾಂ ಪೈಸೆ ತೆಗೆದು 207 ಎಂದಿತು. ಹೊಸದು 206 ಎಂದಿತು. ಇನ್ನೊಂದು ಬಿಲ್‌ನಲ್ಲಿ ಸರಕು 125 ರೂಪಾಯಿ, ತೆರಿಗೆ 22.50, ಒಟ್ಟು 147.50. ಅದಕ್ಕೆ ಮಾತ್ರ ಎರಡೂ 148 ಎಂದವು!

ಕಾರಣ ‘ರೌಂಡ್’ ಎಂಬ ಫಂಕ್ಷನ್. ಸಿ++ನಲ್ಲಿ ಸರಿಯಾಗಿ ಅರ್ಧ ಬಂದರೆ ಅದು ಸೊನ್ನೆಯಿಂದ ದೂರಕ್ಕೆ, ಅಂದರೆ ನಮ್ಮ ಬಿಲ್‌ಗಳಲ್ಲಿ ಮೇಲಕ್ಕೆ ಹೋಗುತ್ತದೆ. ಪೈಥಾನ್ 3ರಲ್ಲಿ ಅರ್ಧ ಬಂದರೆ ಹತ್ತಿರದ ಸಮಸಂಖ್ಯೆಗೆ ಹೋಗುತ್ತದೆ. 206 ಸಮಸಂಖ್ಯೆ, 148 ಕೂಡ ಸಮಸಂಖ್ಯೆ. ಅದಕ್ಕೇ ಒಂದು ಬಿಲ್ ತಪ್ಪಿತು, ಇನ್ನೊಂದು ತಪ್ಪಲಿಲ್ಲ. ನಾನು 125ರ ಬಿಲ್ ಒಂದನ್ನೇ ಹಾಕಿ ನೋಡಿದ್ದರೆ ಏನೂ ಗೊತ್ತಾಗುತ್ತಿರಲಿಲ್ಲ. ಪೈಥಾನ್ ಮಾಡಿದ್ದಕ್ಕೂ ಅರ್ಥವಿದೆ: ಅರ್ಧ ಬಂದಾಗಲೆಲ್ಲ ಮೇಲಕ್ಕೇ ಹೋದರೆ, ಸಾವಿರಾರು ಲೆಕ್ಕ ಕೂಡಿದಾಗ ಮೊತ್ತ ಒಂದೇ ಕಡೆಗೆ ಉಬ್ಬುತ್ತದೆ. ಇದಕ್ಕೆ ಬ್ಯಾಂಕರ್ಸ್ ರೌಂಡಿಂಗ್ ಎಂಬ ಹೆಸರೂ ಇದೆ. ಪೈಥಾನ್ 2ರಲ್ಲಿ ಈ ಪದ್ಧತಿ ಇರಲಿಲ್ಲ, 2008ರಲ್ಲಿ ಬಂದ ಪೈಥಾನ್ 3ರಲ್ಲಿ ಬಂತು. ಅಂದರೆ ಒಂದೇ ಭಾಷೆಯ ಹಳೆಯ ಆವೃತ್ತಿಯಿಂದ ಹೊಸದಕ್ಕೆ ಬಂದರೂ ಈ ರೂಪಾಯಿ ಜಾರುತ್ತದೆ.

ಆದರೆ ನಮ್ಮ ಬಿಲ್‌ಗೆ ಕಾನೂನು ಬೇರೆ. 2017ರ ಸಿಜಿಎಸ್‌ಟಿ ಕಾಯ್ದೆಯ ಸೆಕ್ಷನ್ 170ರ ಪ್ರಕಾರ ತೆರಿಗೆ ಮೊತ್ತದಲ್ಲಿ 50 ಪೈಸೆ ಅಥವಾ ಹೆಚ್ಚಿದ್ದರೆ ಒಂದು ರೂಪಾಯಿ, ಕಡಿಮೆಯಿದ್ದರೆ ಬಿಡುವುದು. ಅಂಗಡಿಯಲ್ಲಿ ಬಿಲ್‌ನ ಒಟ್ಟು ಮೊತ್ತಕ್ಕೂ ಇದನ್ನೇ ಪಾಲಿಸುತ್ತಾರೆ. ಒಂದು ರೂಪಾಯಿ ತಾನೇ ಎನ್ನಬೇಡಿ. ಟ್ರಯಲ್ ಬ್ಯಾಲೆನ್ಸ್ ಒಂದು ರೂಪಾಯಿಗೆ ತಾಳೆಯಾಗದೆ ಇಡೀ ಪೀರಿಯಡ್ ಹುಡುಕಿದವರಿಗೆ ಅದರ ಬೆಲೆ ಗೊತ್ತು. ಪೈಥಾನ್‌ನಲ್ಲೇ ಇರುವ ‘ಡೆಸಿಮಲ್’ ಎಂಬ ಮಾಡ್ಯೂಲ್‌ನಲ್ಲಿ ‘ರೌಂಡ್ ಹಾಫ್ ಅಪ್’ ಎಂಬ ಆಯ್ಕೆ ಇದೆ. ಅದನ್ನು ಹಾಕಿದ ಮೇಲೆ 207 ಬಂತು.

ಎರಡನೆಯ ವ್ಯತ್ಯಾಸ ವಾಪಸ್ ಬಂದ ಸರಕಿನಲ್ಲಿ ಸಿಕ್ಕಿತು. ಬೋಲ್ಟ್ ಬಾಕ್ಸ್‌ಗೆ ನೂರು. 250 ಬೋಲ್ಟ್ ವಾಪಸ್ ಬಂದರೆ ಪ್ರೋಗ್ರಾಂ -250 ಎಂದು ತೆಗೆದುಕೊಂಡು ನೂರರಿಂದ ಭಾಗಿಸುತ್ತದೆ. ಸಿ++ನಲ್ಲಿ ಭಾಗಲಬ್ಧ -2, ಶೇಷ -50. ಎರಡು ಬಾಕ್ಸ್ ಮತ್ತು ಐವತ್ತು ಬಿಡಿ ವಾಪಸ್. ಟೂಲ್ ಸರಿಯಾಗಿಯೇ ‘//’ ಹಾಕಿತ್ತು, ಆದರೂ ಪೈಥಾನ್ ಹೇಳಿದ್ದು -3 ಮತ್ತು 50. ಸಿ++ ಸೊನ್ನೆಯ ಕಡೆಗೆ ಕತ್ತರಿಸುತ್ತದೆ, ಪೈಥಾನ್ ಯಾವಾಗಲೂ ಕೆಳಗಿನ ಪೂರ್ಣಾಂಕಕ್ಕೆ ಇಳಿಯುತ್ತದೆ. ಗಣಿತದಲ್ಲಿ ಎರಡೂ ಸರಿ, ಕೂಡಿ ನೋಡಿ, -250 ಬರುತ್ತದೆ. ಆದರೆ ಚೀಟಿ ಓದುವ ಗೋಡೌನ್ ಹುಡುಗನಿಗೆ ಮೂರು ಬಾಕ್ಸ್ ಎಲ್ಲಿಂದ ತರುವುದು? ಮೈನಸ್ ತೆಗೆದು ಭಾಗಿಸಿ, ಆಮೇಲೆ ಎರಡಕ್ಕೂ ಮೈನಸ್ ಹಚ್ಚಿದರೆ ಸರಿಹೋಗುತ್ತದೆ.

ಪೈಥಾನ್‌ನಿಂದ ಸಿ++ಗೆ ಹೋಗುವವರಿಗೆ ಒಂದೇ ಮಾತು. ನಮ್ಮ ಲ್ಯಾಬ್‌ನ ಫ್ಯಾಕ್ಟೋರಿಯಲ್ ಪ್ರೋಗ್ರಾಂ ಅನ್ನು ಬದಲಾಯಿಸಿ 13 ಕೊಟ್ಟು ನೋಡಿ. ಪೈಥಾನ್ 6,227,020,800 ಎನ್ನುತ್ತದೆ. ಸಿ++ನ ಸಾಮಾನ್ಯ ‘ಇಂಟ್’ 2,147,483,647ರ ಆಚೆ ಹಿಡಿಸುವುದಿಲ್ಲ, ಹಾಗಾಗಿ ಹೆಚ್ಚಾಗಿ 1,932,053,504 ಎಂದು ತೋರಿಸುತ್ತದೆ, ಎರರ್ ಏನೂ ಕೊಡದೆ. ಗ್ರಾಹಕರ ಮೊಬೈಲ್ ನಂಬರ್ ಕೂಡ ಆ ‘ಇಂಟ್’ನಲ್ಲಿ ಹಿಡಿಸುವುದಿಲ್ಲ.

ದೊಡ್ಡವರೂ ಹೀಗೇ ಓಡಿಸಿ ನೋಡುತ್ತಾರೆ. 2020ರಲ್ಲಿ ಫೇಸ್‌ಬುಕ್‌ನ ಸಂಶೋಧಕರು ಸಿ++, ಜಾವಾ, ಪೈಥಾನ್‌ಗಳ ನಡುವೆ ಅನುವಾದಿಸುವ ಟ್ರಾನ್ಸ್‌ಕೋಡರ್ ಮಾಡಿದಾಗ, 852 ಫಂಕ್ಷನ್‌ಗಳ ಒಂದು ಪರೀಕ್ಷಾ ಸಂಗ್ರಹ ಮಾಡಿಕೊಂಡರು. ಅನುವಾದ ನೋಡಲು ಹೇಗಿದೆ ಎಂಬುದಕ್ಕಿಂತ, ಒಂದೇ ಇನ್‌ಪುಟ್‌ಗೆ ಎರಡೂ ಒಂದೇ ಉತ್ತರ ಕೊಡುತ್ತವೆಯೇ ಎಂಬುದೇ ಅವರಿಗೆ ಮುಖ್ಯವಾಗಿತ್ತು. ನೀವು ಮಾಡುವಾಗ ಸುಲಭದ ಸಂಖ್ಯೆ ಕೊಡಬೇಡಿ. ಸೊನ್ನೆ, ಮೈನಸ್, ಐವತ್ತು ಪೈಸೆಯ ಎರಡು-ಮೂರು ಬಿಲ್, ತುಂಬಾ ದೊಡ್ಡ ಸಂಖ್ಯೆ, ಒಂದೂ ಐಟಂ ಇಲ್ಲದ ಖಾಲಿ ಬಿಲ್, ಇವನ್ನು ಕೊಡಿ.

ಮಾಮು ಈಗ ಹೊಸದರಲ್ಲಿ ಬಿಲ್ ಮಾಡುತ್ತಿದ್ದಾರೆ. ಮಾರ್ಚ್ ಲೆಕ್ಕ ಮುಗಿಯುವವರೆಗೆ ಭಾಯಿಜಾನ್‌ರ ಹಳೆಯ ಪ್ರೋಗ್ರಾಂ ಕೂಡ ಕಂಪ್ಯೂಟರ್‌ನಲ್ಲೇ ಇರುತ್ತದೆ. ಪ್ರತಿ ಶನಿವಾರ ಕಾಲೇಜು ಮುಗಿಸಿ ಹೋಗಿ ಆ ವಾರದ ಬಿಲ್‌ಗಳನ್ನು ಅದರಲ್ಲೂ ಒಮ್ಮೆ ಓಡಿಸಿ ತಾಳೆ ನೋಡುವುದು ನನ್ನ ಕೆಲಸ.