ವೋಲ್ಟೇಜ್ ಇಳಿದರೆ ನೀರು ಕಾಯಲು ಅಷ್ಟು ಹೊತ್ತೇಕೆ?

ಪ್ರಶ್ನೆ: ನೀರು ಕಾಯಿಸುವ ರಾಡ್‌ನ ರೋಧ, ವ್ಯಾಟ್ ಲೆಕ್ಕ ಹಾಕುವುದು ಹೇಗೆ? ವೋಲ್ಟೇಜ್ ಕಡಿಮೆಯಿದ್ದಾಗ ನೀರು ಯಾಕೆ ಬೇಗ ಕಾಯುವುದಿಲ್ಲ?

ಉತ್ತರ: ಹುಬ್ಬಳ್ಳಿ-ಧಾರವಾಡದ ಮನೆಗಳಿಗೆ ಹೆಸ್ಕಾಂ ಕೊಡುವುದು 230 ವೋಲ್ಟ್. ಧಾರವಾಡದ ಚಳಿಗೆ ಬಕೆಟ್ಟಿಗಿಳಿಸಿದ ರಾಡ್ 6.5 ಆಂಪಿಯರ್ ಎಳೆಯುತ್ತಿದೆ ಎನ್ನೋಣ. ವೋಲ್ಟನ್ನು ಆಂಪಿಯರ್‌ನಿಂದ ಭಾಗಿಸಿದರೆ ರೋಧ: ಸುಮಾರು 35.4 ಓಮ್. ಎರಡನ್ನೂ ಗುಣಿಸಿದರೆ ಶಕ್ತಿ: 1,495 ವ್ಯಾಟ್. ಅಂಗಡಿಯವರು 1,500 ವ್ಯಾಟ್ ರಾಡ್ ಎನ್ನುವುದು ಇದನ್ನೇ. 40 ನಿಮಿಷ ಉರಿದರೆ ಮೀಟರಿನಲ್ಲಿ ಒಂದು ಯೂನಿಟ್.

ಮೊದಲ ಲೆಕ್ಕದ ಹಿಂದಿರುವುದು ಜರ್ಮನಿಯ ಗೇಯೋರ್ಗ್ ಓಮ್ 1827ರಲ್ಲಿ ಪ್ರಕಟಿಸಿದ ನಿಯಮ.

ಈಗ ವೋಲ್ಟೇಜ್ 200ಕ್ಕೆ ಇಳಿಯಿತು. ಸುರುಳಿಯ ರೋಧ ಹೆಚ್ಚುಕಡಿಮೆ ಅಷ್ಟೇ ಇರುವುದರಿಂದ ಕರೆಂಟೂ 5.65 ಆಂಪಿಯರ್‌ಗೆ ಕುಸಿಯುತ್ತದೆ. ಶಕ್ತಿ ಬರೀ 1,130 ವ್ಯಾಟ್! ಸ್ವಾರಸ್ಯ ಇರುವುದೇ ಇಲ್ಲಿ: ವೋಲ್ಟೇಜ್ ಇಳಿದದ್ದು ಶೇಕಡ 13, ಶಕ್ತಿ ಇಳಿದದ್ದು ಶೇಕಡ 24. ಹದಿನೇಳು ನಿಮಿಷಕ್ಕೆ ಕಾಯುತ್ತಿದ್ದ ನೀರಿಗೆ ಇಪ್ಪತ್ತಮೂರು ನಿಮಿಷ ಬೇಕು.

ಹಳೆಯ ತಂತಿ ಬಲ್ಬಿಗೆ ಈ ಲೆಕ್ಕ ನೇರವಾಗಿ ಒಗ್ಗದು. ಆರಿದಾಗ ಅದರ ರೋಧ ಉರಿಯುವಾಗಿನ ಹತ್ತನೇ ಒಂದರಷ್ಟೇ.

ಕರೆಂಟ್ ಅಳೆಯುವ ಕೆಲಸ ಎಲೆಕ್ಟ್ರಿಷಿಯನ್ನರಿಗೇ ಇರಲಿ. ಪ್ಲಗ್ ಕೀಳುವ ಮುನ್ನ ನೀರು ಕಾದಿದೆಯೇ ಎಂದು ದಯವಿಟ್ಟು ಬೆರಳದ್ದಿ ನೋಡಬೇಡಿ.