ನಂದಿಯ ಉಮಾಮಹೇಶ್ವರ ಗುಡಿ

ಚಿಕ್ಕಬಳ್ಳಾಪುರಕ್ಕೆ ಸಮೀಪದಲ್ಲಿ, ನಂದಿದುರ್ಗದ ತಪ್ಪಲಲ್ಲಿರುವ ಭೋಗನಂದೀಶ್ವರ ದೇವಾಲಯವು ಕರ್ಣಾಟಕದ ಪ್ರಾಚೀನ ಶಿವಾಲಯಗಳಲ್ಲಿ ಒಂದೆಂಬುದು ವಿದ್ವಾಂಸರಿಗೆ ಹೊಸ ವಿಷಯವಲ್ಲ. ಕ್ರಿ.ಶ. 806ರ ಸುಮಾರಿನ ನೊಳಂಬಾಧಿರಾಜನ ಶಾಸನವೂ, ಅದೇ ಕಾಲದ ರಾಷ್ಟ್ರಕೂಟ ಮೂರನೆಯ ಗೋವಿಂದನ ತಾಮ್ರಪಟವೂ, 810ರ ಸುಮಾರಿನ ಬಾಣವಂಶದ ಚಿಕ್ಕಬಳ್ಳಾಪುರದ ತಾಮ್ರಶಾಸನಗಳೂ ಈ ಸ್ಥಾನದ ಪ್ರಾಚೀನತೆಗೆ ಸಾಕ್ಷಿಗಳಾಗಿವೆ. ಆದುದರಿಂದ ಇಡೀ ಆಲಯವನ್ನೇ ಒಂಬತ್ತನೆಯ ಶತಮಾನದ್ದೆಂದು ಹೇಳಿ ಮುಗಿಸುವುದು ರೂಢಿಯಾಗಿದೆ. ಮಹಾದ್ವಾರವನ್ನು ದಾಟಿ ಒಳಕ್ಕೆ ಹೋದವನಿಗೆ ಈ ಮಾತು ನಿಲ್ಲುವುದಿಲ್ಲವೆಂಬುದು ಬೇಗನೆ ತೋರುತ್ತದೆ.

ಪ್ರಾಕಾರದೊಳಗೆ ಪೂರ್ವಾಭಿಮುಖವಾಗಿ ಮೂರು ಗುಡಿಗಳು ಒಂದೇ ಸಾಲಿನಲ್ಲಿವೆ. ದಕ್ಷಿಣದ್ದು ಅರುಣಾಚಲೇಶ್ವರ, ಉತ್ತರದ್ದು ಭೋಗನಂದೀಶ್ವರ. ಎರಡರಲ್ಲಿಯೂ ಗರ್ಭಗೃಹದಲ್ಲಿ ಲಿಂಗ, ಎದುರಿಗೆ ನಂದಿಮಂಟಪ. ಭೋಗನಂದೀಶ್ವರದ ಗೋಡೆಗಳಲ್ಲಿ ಶಿಲೆಯ ಜಾಲಂಧ್ರಗಳುಂಟು. ದಕ್ಷಿಣದ ಜಾಲಂಧ್ರದಲ್ಲಿ ನರ್ತಿಸುವ ಶಿವನೂ ಉತ್ತರದ್ದರಲ್ಲಿ ಮಹಿಷನ ತಲೆಯ ಮೇಲೆ ನಿಂತ ದುರ್ಗೆಯೂ ಇರುವರು. ಇವೆರಡರ ನಡುವಣ ಜಾಗವನ್ನು ತುಂಬಿಕೊಂಡು ನಿಂತಿರುವುದೇ ಉಮಾಮಹೇಶ್ವರನ ಚಿಕ್ಕ ಗುಡಿ. ಯಾತ್ರಿಕರು ಹೆಚ್ಚಾಗಿ ಅದರ ಮುಂದಿನ ಕಲ್ಯಾಣಮಂಟಪವನ್ನು ಕೊಂಡಾಡಿ ಮುಂದಕ್ಕೆ ಸಾಗುವರು; ಗುಡಿಯ ವಿಚಾರವನ್ನು ಕೇಳುವವರು ಕಡಮೆ.

ಕೊಂಡಾಡಲು ಕಾರಣವೇನೋ ಇದ್ದೇ ಇದೆ. ಕರಿಯ ಕಲ್ಲಿನ ನಾಲ್ಕು ಕಂಬಗಳಲ್ಲಿ ಬಳ್ಳಿಯ ಸುರುಳಿಗಳೂ ಹಕ್ಕಿಗಳೂ ಅತ್ಯಂತ ಸೂಕ್ಷ್ಮವಾಗಿ ಕಡೆಯಲ್ಪಟ್ಟಿವೆ. ಶಿವಪಾರ್ವತಿಯರು, ಬ್ರಹ್ಮಸರಸ್ವತಿಯರು, ಲಕ್ಷ್ಮೀನಾರಾಯಣರು, ಅಗ್ನಿಸ್ವಾಹೆಯರು ಜೋಡಿಜೋಡಿಯಾಗಿ ಕಂಬಗಳಲ್ಲಿ ನೆಲಸಿದ್ದಾರೆ. ದಂಪತಿಗಳ ಮೂರ್ತಿಗಳಿಗೇ ಇಲ್ಲಿ ಪ್ರಾಶಸ್ತ್ಯವೆಂಬುದು ಗಮನಾರ್ಹ. ಮಂಟಪವು ದೇವರ ವಿವಾಹೋತ್ಸವಕ್ಕಾಗಿ ನಿರ್ಮಿತವಾದುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸೂಚನೆ ಬೇಕಿಲ್ಲ. ಅರುಣಾಚಲೇಶ್ವರನು ಶಿವನ ಬಾಲ್ಯ, ಭೋಗನಂದೀಶ್ವರನು ಯೌವನ, ಬೆಟ್ಟದ ಮೇಲಿನ ಯೋಗನಂದೀಶ್ವರನು ವೈರಾಗ್ಯವೆಂದು ಸ್ಥಳದಲ್ಲಿ ಹೇಳುವ ಕಥೆಯೊಂದುಂಟು. ಕಥೆ ಸೊಗಸಾದುದೇ ಸರಿ. ಆದರೆ ಅದು ಬೇರೆ ಬೇರೆ ಕಾಲದ ಕಟ್ಟಡಗಳನ್ನು ಒಂದೇ ಸಂಕಲ್ಪದ ಅಂಗಗಳನ್ನಾಗಿ ತೋರಿಸಿಬಿಡುವುದು.

ವಾಸ್ತವದಲ್ಲಿ ಬೂದುಬಣ್ಣದ ಕಣಶಿಲೆಯ ಎರಡು ಹಳೆಯ ಗುಡಿಗಳ ನಡುವೆ ಈ ಗುಡಿಯನ್ನೂ ಮಂಟಪವನ್ನೂ ಅನಂತರ ಸೇರಿಸಿದರು. ಮಂಟಪವನ್ನು ಹೊಯ್ಸಳರ ಕಾಲದ್ದೆಂದು ಹಲವರೂ ವಿಜಯನಗರದ ಕಾಲದ್ದೆಂದು ಕೆಲವರೂ ಎಣಿಸುವರು. ಯಾವ ಪಕ್ಷವನ್ನು ಹಿಡಿದರೂ 806ರ ಶಾಸನವು ಈ ಕಂಬಗಳನ್ನು ಕುರಿತದ್ದಾಗಲಾರದು. ಶಾಸನವು ತಾನು ಹೇಳಿದ ದಾನಕ್ಕೆ ಪ್ರಮಾಣವೇ ಹೊರತು ಪ್ರಾಕಾರದೊಳಗಿನ ಎಲ್ಲ ಕಲ್ಲಿಗೂ ಅಲ್ಲ.

ಇದಕ್ಕೆ ತದ್ವಿರುದ್ಧವಾದ ಪ್ರಮಾದವೊಂದು ಸಮುದ್ರದಾಚೆಯ ಕಾಂಭೋಜ ದೇಶದಲ್ಲಿ ನಡೆಯಿತು. ನಂದಿಯ ಶಾಸನಕ್ಕೆ ಸುಮಾರು ನಾಲ್ಕು ವರ್ಷ ಮುಂಚೆ, 802ರಲ್ಲಿ, ಎರಡನೆಯ ಜಯವರ್ಮನು ಮಹೇಂದ್ರಪರ್ವತದ ಮೇಲೆ ತನ್ನ ಸಾರ್ವಭೌಮತ್ವವನ್ನು ಸಾರಿದನೆಂದು ಅಲ್ಲಿನ ಇತಿಹಾಸವು ತಿಳಿಸುತ್ತದೆ. ಅವನ ಅನಂತರದ ಖ್ಮೇರ್ ಅರಸರ ರಾಜಧಾನಿಯಾದ ಅಂಕೋರದ ಸಮೀಪದಲ್ಲಿ ಬಂತೇಯ್ ಸ್ರೈ ಎಂಬ ಕೆಂಗಲ್ಲಿನ ಪುಟ್ಟ ಶಿವಾಲಯವಿದೆ. ಒಂದೇ ಜಗತಿಯ ಮೇಲೆ ಮೂರು ಗೋಪುರಗಳು ಸಾಲಾಗಿ ನಿಂತಿವೆ. ನಡುವಿನ ಗೋಪುರದ ಎತ್ತರವೂ ಸುಮಾರು ಹತ್ತು ಮೀಟರು ಮಾತ್ರ. 1914ರಲ್ಲಿ ಬೆಳಕಿಗೆ ಬಂದಾಗ ಅದರ ಕೆತ್ತನೆಯ ವೈಪುಲ್ಯವನ್ನು ಕಂಡ ಫ್ರೆಂಚ್ ಪಂಡಿತರು, ಇಷ್ಟು ಅಲಂಕಾರವು ಕಲೆಯ ಇಳಿಗಾಲದ ಲಕ್ಷಣವೆಂದು ಭಾವಿಸಿ, ಬಹಳ ಈಚಿನ ಕಾಲವನ್ನು ಅದಕ್ಕೆ ಕಟ್ಟಿದರು. 1929ರಲ್ಲಿ ಜಾರ್ಜ್ ಸೆದೆಸ್ ಎಂಬ ಶಾಸನತಜ್ಞನು ಅದು ಹತ್ತನೆಯ ಶತಮಾನದ್ದೆಂದು ಸಾಧಿಸಿದನು. 1936ರಲ್ಲಿ ಸ್ಥಾಪನಾಶಾಸನವೇ ದೊರೆತು 967ನೆಯ ವರ್ಷವು ಖಚಿತವಾಯಿತು. ಕಟ್ಟಿಸಿದವನು ಯಜ್ಞವರಾಹನೆಂಬ ವಿದ್ವಾಂಸ. ದೇವರ ಹೆಸರು ತ್ರಿಭುವನಮಹೇಶ್ವರ.

ಅಲ್ಲಿ ಶೈಲಿಯೊಂದನ್ನೇ ನಂಬಿ ಕಾಲವನ್ನು ಈಚೆಗೆ ತಂದರು. ಇಲ್ಲಿ ಶಾಸನವೊಂದನ್ನೇ ನಂಬಿ ಕಾಲವನ್ನು ಹಿಂದಕ್ಕೆ ಒಯ್ಯುತ್ತೇವೆ. ಬಂತೇಯ್ ಸ್ರೈಯ ಮೂರು ಗೋಪುರಗಳು ಏಕಕಾಲದ ಕಲ್ಪನೆ. ನಂದಿಯ ಮೂರು ಗುಡಿಗಳ ಸಾಲು ಶತಮಾನಗಳ ಕೂಡಿಕೆ. ಹೊರನೋಟದ ಸಾಮ್ಯವನ್ನು ಕಂಡು ಒಂದರಿಂದ ಮತ್ತೊಂದು ಹುಟ್ಟಿತೆನ್ನುವುದು ಅವಸರದ ಮಾತು. ಪುರಾಣಗಳೂ ಶೈವಾಗಮಗಳೂ ಎರಡು ನೆಲಗಳಿಗೂ ಸಾಧಾರಣವಾಗಿದ್ದುವೆನ್ನುವಷ್ಟೇ ನ್ಯಾಯ.

ಈ ಪರೀಕ್ಷೆಯನ್ನು ತಾವೇ ಮಾಡಬಯಸುವ ಅಧ್ಯಾಪಕರಿಗೆ ಒಂದು ಸೂಚನೆ: ಚಿಕ್ಕಬಳ್ಳಾಪುರ ಜಿಲ್ಲೆಯು 2007ರಲ್ಲಿ ಕೋಲಾರದಿಂದ ಬೇರ್ಪಟ್ಟಿತಾದರೂ, ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳ ಶಾಸನಗಳನ್ನು ರೈಸ್ ಅವರು 1905ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕದ ಹತ್ತನೆಯ ಸಂಪುಟವಾದ ಕೋಲಾರದ ಸಂಪುಟದಲ್ಲಿಯೇ ಹುಡುಕಬೇಕು. ಅದನ್ನು ಓದಿಕೊಂಡು ನಂದಿಗೆ ಹೋದವರು ಮೊದಲು ಭೋಗನಂದೀಶ್ವರದ ಜಾಲಂಧ್ರಗಳನ್ನು, ಆಮೇಲೆ ನಡುವಣ ಮಂಟಪದ ಕಂಬಗಳನ್ನು ನೋಡುವುದು ಲೇಸು. ಬಂತೇಯ್ ಸ್ರೈಯ ಉಮಾಮಹೇಶ್ವರ ಮೂರ್ತಿಯನ್ನು ಇಂದು ನೋಡಬೇಕಾದರೆ ಪ್ನೋಮ್ ಪೆನ್ ನಗರದ ವಸ್ತುಸಂಗ್ರಹಾಲಯಕ್ಕೆ ಹೋಗಬೇಕು. ನಂದಿಯ ದೇವಾಲಯವು ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿದ್ದರೂ ಅಲ್ಲಿ ಪೂಜೆ ನಿಂತಿಲ್ಲ.