ಒಂದೇ ಕೊಳಗದಲ್ಲಿ ಅಳೆಯಲಾಗದ ಸಂಶೋಧನೆ

ರಾಷ್ಟ್ರೀಯ ಸಾಂಸ್ಥಿಕ ಶ್ರೇಯಾಂಕ ಪಟ್ಟಿ ಹೊರಬಿದ್ದೊಡನೆ ಪ್ರತಿವರ್ಷವೂ ನಮ್ಮ ವಿಶ್ವವಿದ್ಯಾಲಯಗಳಲ್ಲಿ ಲೆಕ್ಕಾಚಾರ ಆರಂಭವಾಗುತ್ತದೆ. ಯಾರು ಮೇಲೇರಿದರು, ಯಾರು ಕೆಳಗಿಳಿದರು, ಎಷ್ಟು ಪ್ರಬಂಧಗಳು ಪ್ರಕಟವಾದವು, ಅವುಗಳನ್ನು ಎಷ್ಟು ಮಂದಿ ಉಲ್ಲೇಖಿಸಿದರು ಎಂಬುದರ ಸುತ್ತಲೇ ಚರ್ಚೆ ಸುತ್ತುತ್ತದೆ. 2025ರ ಪಟ್ಟಿಯಲ್ಲಿ ಹೊಸದೊಂದು ಅಂಶ ಸೇರಿತು. ಪ್ರಕಟವಾದ ಬಳಿಕ ಹಿಂತೆಗೆದುಕೊಳ್ಳಲಾದ ಪ್ರಬಂಧಗಳಿಗಾಗಿ ಅಂಕ ಕಳೆಯುವ ಪದ್ಧತಿ ಜಾರಿಗೆ ಬಂತು. ಕ್ರಮವೇನೋ ಸ್ವಾಗತಾರ್ಹ. ಆದರೆ ಅಂತಹ ದಂಡನೆ ಏಕೆ ಅಗತ್ಯವಾಯಿತು ಎಂಬ ಪ್ರಶ್ನೆ ಅದಕ್ಕಿಂತ ಮುಖ್ಯವಾದದ್ದು.

ಇದಕ್ಕೆ ಉತ್ತರ ಅರ್ಥಶಾಸ್ತ್ರದಲ್ಲಿದೆ. ಹಣಕಾಸು ನೀತಿಯನ್ನು ಕುರಿತು ಬ್ರಿಟನ್ನಿನ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ 1975ರಲ್ಲಿ ಹೇಳಿದ ಮಾತೊಂದು ಇಂದು ಅವರ ಹೆಸರಿನ ನಿಯಮವಾಗಿಯೇ ಪ್ರಸಿದ್ಧವಾಗಿದೆ. ಅಳತೆಯೇ ಗುರಿಯಾದಾಗ ಅದು ಒಳ್ಳೆಯ ಅಳತೆಯಾಗಿ ಉಳಿಯುವುದಿಲ್ಲ ಎಂಬುದು ಅದರ ಸಾರ. ನಮ್ಮಲ್ಲಿ ಆದದ್ದೂ ಇದೇ. ಪಿಎಚ್.ಡಿ. ಮಹಾಪ್ರಬಂಧ ಸಲ್ಲಿಸುವ ಮುನ್ನ ನಿಯತಕಾಲಿಕೆಯಲ್ಲಿ ಲೇಖನ ಪ್ರಕಟವಾಗಿರಲೇಬೇಕೆಂದು ವಿಶ್ವವಿದ್ಯಾಲಯ ಧನಸಹಾಯ ಆಯೋಗ 2009ರಲ್ಲಿ ವಿಧಿಸಿತು. ಹಣ ಪಡೆದು ಏನನ್ನು ಬೇಕಾದರೂ ಅಚ್ಚು ಹಾಕುವ ಪತ್ರಿಕೆಗಳು ನಾಯಿಕೊಡೆಗಳಂತೆ ತಲೆಯೆತ್ತಿದವು. ಅವುಗಳನ್ನು ತಡೆಯಲು 2018ರಲ್ಲಿ ‘ಕೇರ್’ ಪಟ್ಟಿ ಬಂತು. 2022ರಲ್ಲಿ ಕಡ್ಡಾಯ ಪ್ರಕಟಣೆಯ ನಿಯಮವನ್ನೇ ಕೈಬಿಡಲಾಯಿತು. 2025ರ ಫೆಬ್ರುವರಿಯಲ್ಲಿ ಆ ಪಟ್ಟಿಯೂ ರದ್ದಾಯಿತು. ನಿಯಮಗಳು ಬಂದುಹೋದರೂ ಎಣಿಸುವ ಚಟ ಮಾತ್ರ ಉಳಿದುಕೊಂಡಿದೆ.

ಸಂಶೋಧನೆ ಎಂಬುದು ಒಂದೇ ಬಗೆಯ ಕೆಲಸವೆಂಬ ತಪ್ಪು ಗ್ರಹಿಕೆಯೇ ಈ ಗೊಂದಲದ ಮೂಲ. ವಿಜ್ಞಾನ, ತಂತ್ರಜ್ಞಾನ, ವೈದ್ಯಕೀಯ, ಶಿಕ್ಷಣ ಈ ನಾಲ್ಕು ಕ್ಷೇತ್ರಗಳಲ್ಲಿ ಜ್ಞಾನ ಹುಟ್ಟುವ ರೀತಿ, ಅದು ಫಲ ಕೊಡುವ ಕಾಲ, ಅದನ್ನು ಪರೀಕ್ಷಿಸುವ ವಿಧಾನ ಇವೆಲ್ಲ ಬೇರೆ ಬೇರೆ. ರಾಗಿಯನ್ನೂ ಹಾಲನ್ನೂ ಒಂದೇ ಕೊಳಗದಲ್ಲಿ ಅಳೆಯಲು ಬಾರದು. ಇದಕ್ಕೆ ಉದಾಹರಣೆಗಳನ್ನು ಹುಡುಕಿಕೊಂಡು ಬಹಳ ದೂರ ಹೋಗಬೇಕಾಗಿಲ್ಲ.

ಎರಡು ಬಗೆಯ ಕಾಲಮಾನ

ಮೂಲವಿಜ್ಞಾನದ ಗಡಿಯಾರ ನಿಧಾನವಾಗಿ ನಡೆಯುತ್ತದೆ. ಸಿ.ವಿ. ರಾಮನ್ ತಮ್ಮ ಹೆಸರಿನ ಪರಿಣಾಮವನ್ನು ಕಲ್ಕತ್ತೆಯಲ್ಲಿ ಕಂಡದ್ದು 1928ರಲ್ಲಿ; 1930ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು; 1933ರಲ್ಲಿ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾದರು. ಆದರೆ ಚದುರಿದ ಬೆಳಕಿನ ಆ ಕ್ಷೀಣ ಸುಳಿವು ದಿನಬಳಕೆಯ ಉಪಕರಣವಾಗಲು 1960ರ ದಶಕದಲ್ಲಿ ಲೇಸರ್ ಬರಬೇಕಾಯಿತು. ಇಂದು ಔಷಧ ಕಾರ್ಖಾನೆಗಳಲ್ಲಿ ಕಚ್ಚಾವಸ್ತುವನ್ನು ಗುರುತಿಸಲು, ರತ್ನಗಳ ಅಸಲಿತನವನ್ನು ಪರೀಕ್ಷಿಸಲು ಅದೇ ತತ್ವ ಬಳಕೆಯಾಗುತ್ತಿದೆ. ಮೂರು ವರ್ಷದ ಯೋಜನೆಯ ಕೊನೆಯಲ್ಲಿ ‘ಸಮಾಜಕ್ಕೆ ಆದ ಪ್ರಯೋಜನವೇನು?’ ಎಂಬ ಕಾಲಂ ತುಂಬಬೇಕಾಗಿದ್ದಿದ್ದರೆ ರಾಮನ್ ಏನು ಬರೆಯುತ್ತಿದ್ದರು?

ಅನ್ವಯಿಕ ವಿಜ್ಞಾನದ ಕಾಲಮಾನವನ್ನು ಪ್ರಕೃತಿಯೇ ನಿರ್ಧರಿಸುತ್ತದೆ. ಮಂಡ್ಯದ ವಿ.ಸಿ. ಫಾರಂನಲ್ಲಿ ತಳಿವಿಜ್ಞಾನಿ ಲಕ್ಷ್ಮಣಯ್ಯನವರು ಭಾರತದ ಮತ್ತು ಆಫ್ರಿಕದ ರಾಗಿ ತಳಿಗಳನ್ನು ಸಂಕರಗೊಳಿಸಿ ‘ಇಂಡಾಫ್’ ತಳಿಗಳನ್ನು ರೂಪಿಸಿದರು. ಎರಡೂ ಭೂಭಾಗಗಳ ನೆನಪು ಆ ಹೆಸರಿನಲ್ಲೇ ಇದೆ. ರಾಗಿಯ ಹೂ ಅತಿ ಸಣ್ಣದು. ತನ್ನಷ್ಟಕ್ಕೆ ತಾನೇ ಪರಾಗಸ್ಪರ್ಶ ಮಾಡಿಕೊಳ್ಳುವಂಥದ್ದು. ಅದನ್ನು ಸಂಕರಗೊಳಿಸುವುದು ತಾಳ್ಮೆಯ ಪರೀಕ್ಷೆಯೇ ಸರಿ. ಅನಂತರವೂ ಪೈರಿನಿಂದ ಪೈರಿಗೆ ಆರಿಸುತ್ತಾ ಹಲವು ಹಂಗಾಮು ಕಾಯಬೇಕು. 1970ರ ದಶಕದಿಂದ ಮಳೆಯಾಶ್ರಿತ ಜಿಲ್ಲೆಗಳ ರೈತನ ಕಣದಲ್ಲಿ ರಾಶಿ ದೊಡ್ಡದಾದದ್ದೇ ಆ ಸಂಶೋಧನೆಗೆ ಸಂದ ಮನ್ನಣೆ. ಅದು ಉಲ್ಲೇಖಗಳ ಸೂಚಿಯಲ್ಲಿ ಕಾಣಸಿಗುವುದಿಲ್ಲ.

ಒಲೆಯೂ ಸಂಶೋಧನೆಯ ವಿಷಯ

ತಂತ್ರಜ್ಞಾನದ ಸಂಶೋಧನೆಗೆ ಬಳಕೆದಾರನೇ ಪರೀಕ್ಷಕ. ವಿಜ್ಞಾನ ಸಂಸ್ಥೆಯಲ್ಲಿ ವಿದ್ಯುತ್ ರಸಾಯನಶಾಸ್ತ್ರಜ್ಞರಾಗಿದ್ದ ಅಮೂಲ್ಯ ರೆಡ್ಡಿಯವರು 1974ರಲ್ಲಿ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರವನ್ನು ಆರಂಭಿಸಿದರು. ಕುಣಿಗಲ್ ತಾಲ್ಲೂಕಿನ ಉಂಗ್ರ ಅವರ ಕ್ಷೇತ್ರ ಕೇಂದ್ರವಾಯಿತು. ಸುತ್ತಲಿನ ಹಳ್ಳಿಗಳಲ್ಲಿ ಇಂಧನದ ಲೆಕ್ಕ ಹಾಕಿದಾಗ ಕಂಡದ್ದೇನು? ಬಳಕೆಯಾಗುವ ಶಕ್ತಿಯ ಬಹುಪಾಲು ಸೌದೆಯದು. ಅದರ ಬಹುಪಾಲು ಅಡುಗೆಮನೆಗೆ. ಸೌದೆ ಆಯುವ, ನೀರು ಹೊರುವ ಶ್ರಮ ಬಹುಮಟ್ಟಿಗೆ ಹೆಂಗಸರದು ಮತ್ತು ಮಕ್ಕಳದು. ವಿದ್ಯುತ್ ಮತ್ತು ಪೆಟ್ರೋಲಿಯಂ ಅಂಕಿಅಂಶಗಳಲ್ಲೇ ಮುಳುಗಿದ್ದ ಅಂದಿನ ಯೋಜನಾಕಾರರಿಗೆ ಇದು ಹೊಸ ನೋಟವಾಗಿತ್ತು. ಕಡಿಮೆ ಸೌದೆಯಲ್ಲಿ ಅಡುಗೆ ಮಾಡುವ, ಹೊಗೆಯನ್ನು ಕೊಳವೆಯ ಮೂಲಕ ಹೊರಗೆ ಕಳಿಸುವ ‘ಅಸ್ತ್ರ ಒಲೆ’ ರೂಪುಗೊಂಡದ್ದು ಇದೇ ತಿಳಿವಳಿಕೆಯಿಂದ.

ಸಮೀಪದ ಪುರ ಗ್ರಾಮದ ಅನುಭವ ಇನ್ನಷ್ಟು ಬೋಧಪ್ರದ. ಸಾಮೂಹಿಕ ಗೋಬರ್ ಅನಿಲವನ್ನು ಅಡುಗೆಗೆ ಒದಗಿಸುವ ಮೊದಲ ಪ್ರಯತ್ನ ಕೈಗೂಡಲಿಲ್ಲ. ಊರಿನವರ ಆದ್ಯತೆ ಕುಡಿಯುವ ನೀರು ಮತ್ತು ಬೆಳಕು ಎಂದು ಅರಿತ ಮೇಲೆ ಅದೇ ಅನಿಲದಿಂದ ಎಂಜಿನ್ ನಡೆಸಿ, 1987ರಿಂದ ಹಲವು ವರ್ಷ ಮನೆಗಳಿಗೆ ದೀಪ ಮತ್ತು ನಲ್ಲಿ ನೀರು ಕೊಡಲಾಯಿತು. ಸೋತ ಮೊದಲ ಹೆಜ್ಜೆಯೂ ಸಂಶೋಧನೆಯ ಫಲವೇ. ಆದರೆ ವಿಫಲ ಪ್ರಯೋಗಕ್ಕೆ ಅಂಕ ಕೊಡುವ ಶ್ರೇಯಾಂಕ ಪದ್ಧತಿ ಎಲ್ಲಿದೆ?

ರೋಗಿ ಬಡವನಾದರೆ

ವೈದ್ಯಕೀಯ ಸಂಶೋಧನೆಯಲ್ಲಿ ಪಣಕ್ಕಿಡಲ್ಪಡುವುದು ಪ್ರಾಣ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಅರಣ್ಯದಲ್ಲಿ ಮಂಗಗಳು ಸಾಯತೊಡಗಿದವು. ಹಿಂದೆಯೇ ಹಳ್ಳಿಗರಿಗೆ ವಿಚಿತ್ರ ಜ್ವರ ಬಂತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಸ್ಥಳಕ್ಕೆ ಬಂದು, ಹೊಸ ವೈರಾಣುವನ್ನು ಗುರುತಿಸಿ, ಅದು ಕಾಡಿನ ಉಣ್ಣೆಗಳ ಮೂಲಕ ಹರಡುತ್ತದೆಂದು ತೋರಿಸಿಕೊಟ್ಟರು. ವೈದ್ಯರು, ಕೀಟತಜ್ಞರು, ಪ್ರಾಣಿತಜ್ಞರು ಒಟ್ಟಿಗೆ ಕಾಡು ಸುತ್ತಿದ್ದರಿಂದಲೇ ಇದು ಸಾಧ್ಯವಾಯಿತು.

ಅನಂತರದ ಕಥೆ ಅಷ್ಟು ಉಜ್ವಲವಲ್ಲ. ಹಳೆಯ ಲಸಿಕೆಯ ಸಾಮರ್ಥ್ಯ ಸಾಲದೆಂದು ಕಂಡುಬಂದು 2022ರಲ್ಲಿ ಅದರ ಬಳಕೆ ನಿಂತಿತು. ಅಷ್ಟರಲ್ಲಿ ರೋಗ ಕೇರಳ, ಗೋವಾ, ಮಹಾರಾಷ್ಟ್ರಗಳಿಗೂ ಕಾಲಿಟ್ಟಿತ್ತು. ಹೊಸ ಲಸಿಕೆಗಾಗಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಕೈಹಾಕಿದೆ. ಆರು ದಶಕ ದಾಟಿದ ರೋಗಕ್ಕೆ ಇಷ್ಟು ವಿಳಂಬವೇಕೆ? ರೋಗಿಗಳ ಸಂಖ್ಯೆ ಚಿಕ್ಕದು, ಅವರ ಕೊಳ್ಳುವ ಶಕ್ತಿ ಇನ್ನೂ ಚಿಕ್ಕದು. ಮಾರುಕಟ್ಟೆಗೆ ಅಲ್ಲಿ ಲಾಭ ಕಾಣುವುದಿಲ್ಲ. ಅಂತಹ ಕಡೆ ಸಂಶೋಧನೆ ನಡೆಸಬೇಕಾದದ್ದು ಸಾರ್ವಜನಿಕ ಹಣ.

ಆ ಹಣ ಸರಿಯಾದ ಕಡೆ ಬಿದ್ದರೆ ಏನಾಗುತ್ತದೆಂಬುದಕ್ಕೆ ಬಳ್ಳಾರಿ ಸಾಕ್ಷಿ. ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರು ಮತ್ತು ಕಾರ್ಯಕರ್ತರಿಗೆ ತರಬೇತಿ ಕೊಟ್ಟು ಮಾನಸಿಕ ಚಿಕಿತ್ಸೆಯನ್ನು ಹಳ್ಳಿಗೆ ಒಯ್ಯಬಹುದೇ ಎಂದು ನಿಮ್ಹಾನ್ಸ್ ಆ ಜಿಲ್ಲೆಯಲ್ಲಿ 1985ರಿಂದ ಐದು ವರ್ಷ ಪರೀಕ್ಷಿಸಿತು. 1996ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು. ಅಲ್ಲಿ ಹೊಸ ಔಷಧವನ್ನೇನೂ ಕಂಡುಹಿಡಿಯಲಿಲ್ಲ. ಇದ್ದ ಔಷಧವನ್ನು ರೋಗಿಯ ಬಳಿಗೆ ತಲುಪಿಸುವ ಬಗೆಯನ್ನು ಕಂಡುಹಿಡಿಯಲಾಯಿತು.

ತರಗತಿಯೆಂಬ ಪ್ರಯೋಗಶಾಲೆ

ನಾಲ್ಕರಲ್ಲಿ ಅತ್ಯಂತ ಉಪೇಕ್ಷಿತವಾದದ್ದು ಶಿಕ್ಷಣ ಸಂಶೋಧನೆ. ಹೆಗ್ಗಡದೇವನಕೋಟೆ ತಾಲ್ಲೂಕಿನ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಯಲ್ಲಿ ಕಂಡದ್ದನ್ನು ತಮ್ಮ ಶಾಲೆಗಳಿಗೆ ಹೊಂದಿಸಿಕೊಂಡು 1995ರಲ್ಲಿ ‘ನಲಿ-ಕಲಿ’ ಆರಂಭಿಸಿದರು. ಬೇರೆ ಬೇರೆ ತರಗತಿಯ ಮಕ್ಕಳು ಒಂದೇ ಕೊಠಡಿಯಲ್ಲಿ, ತಂತಮ್ಮ ವೇಗದಲ್ಲಿ, ಕಲಿಕೆಯ ಮೆಟ್ಟಿಲುಗಳನ್ನು ಏರುವ ವ್ಯವಸ್ಥೆ ಅದು. 2009-10ರಲ್ಲಿ ಅದು ರಾಜ್ಯದಾದ್ಯಂತ ವಿಸ್ತರಿಸಿತು. ಆದರೆ ಉತ್ಸಾಹಿ ಶಿಕ್ಷಕರು ತಾವೇ ಕಟ್ಟಿದ ಪದ್ಧತಿ ಸುತ್ತೋಲೆಯ ಮೂಲಕ ಎಲ್ಲ ಶಾಲೆಗಳಿಗೆ ಇಳಿದಾಗ ಅದರ ಸತ್ವ ಎಷ್ಟು ಉಳಿಯುತ್ತದೆ? ಶಿಕ್ಷಣ ಸಂಶೋಧನೆಯ ನಿಜವಾದ ಪ್ರಶ್ನೆ ಇದು. ಇದಕ್ಕೆ ಉತ್ತರ ಹುಡುಕಲು ಅದೇ ಶಾಲೆಗಳಿಗೆ, ಅದೇ ಮಕ್ಕಳ ಬಳಿಗೆ ವರ್ಷಾನುವರ್ಷ ಹೋಗುತ್ತಿರಬೇಕು.

ಇದು ವಿರಾಮದ ಚರ್ಚೆಯಲ್ಲ. ಗ್ರಾಮೀಣ ಭಾರತದ ಐದನೇ ತರಗತಿಯ ಮಕ್ಕಳಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಎರಡನೇ ತರಗತಿಯ ಪಾಠವನ್ನು ಓದಲಾರರೆಂದು ‘ಅಸರ್’ ಸಮೀಕ್ಷೆ 2022 ಮತ್ತು 2024ರಲ್ಲಿ ವರದಿ ಮಾಡಿದೆ. ರೋಗ ಗೊತ್ತಿದ್ದು ಚಿಕಿತ್ಸೆಯ ಸಂಶೋಧನೆಗೆ ಹಣವಿಲ್ಲದ ಸ್ಥಿತಿ ಇದು. 2023ರ ಕಾಯ್ದೆಯನ್ವಯ ರಚನೆಯಾದ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನದ ವ್ಯಾಪ್ತಿಗೆ ಕೂಡ ಸಮಾಜವಿಜ್ಞಾನಗಳು ಬರುವುದು ವಿಜ್ಞಾನ-ತಂತ್ರಜ್ಞಾನಗಳೊಂದಿಗೆ ಅವು ಸಂಧಿಸುವ ಅಂಚಿನಲ್ಲಿ ಮಾತ್ರ.

ಹಣ ಎಲ್ಲಿಂದ, ಎಲ್ಲಿಗೆ?

ಭಾರತ 2020-21ರಲ್ಲಿ ಸಂಶೋಧನೆ ಮತ್ತು ಅಭಿವೃದ್ಧಿಗೆ ವ್ಯಯಿಸಿದ್ದು ರಾಷ್ಟ್ರೀಯ ಉತ್ಪನ್ನದ ಶೇ 0.64 ಮಾತ್ರ. ಚೀನಾದಲ್ಲಿ ಈ ಪ್ರಮಾಣ ಶೇ 2ಕ್ಕಿಂತ, ದಕ್ಷಿಣ ಕೊರಿಯಾದಲ್ಲಿ ಶೇ 4ಕ್ಕಿಂತ ಹೆಚ್ಚು. ನಮ್ಮ ಈ ಸಣ್ಣ ಮೊತ್ತದಲ್ಲೂ ಉನ್ನತ ಶಿಕ್ಷಣ ವಲಯದ ಪಾಲು ಶೇ 9ನ್ನು ಮುಟ್ಟಲಿಲ್ಲ. ರಾಜ್ಯ ಸರ್ಕಾರಗಳೆಲ್ಲವೂ ಸೇರಿ ಶೇ 7ರಷ್ಟನ್ನೂ ಭರಿಸಲಿಲ್ಲ. ಹೊಸ ಪ್ರತಿಷ್ಠಾನಕ್ಕೆ ಐದು ವರ್ಷಗಳಿಗೆ 50 ಸಾವಿರ ಕೋಟಿ ರೂಪಾಯಿ ಎಂದು ಘೋಷಿಸಿದಾಗ ಅದರಲ್ಲಿ ಸುಮಾರು 36 ಸಾವಿರ ಕೋಟಿ ಸರ್ಕಾರೇತರ ಮೂಲಗಳಿಂದ ಬರಬೇಕೆಂದು ಅಂದಾಜಿಸಲಾಗಿತ್ತು. 2025ರ ಜುಲೈನಲ್ಲಿ ಕೇಂದ್ರ ಸಚಿವ ಸಂಪುಟ ಒಪ್ಪಿದ ಒಂದು ಲಕ್ಷ ಕೋಟಿ ರೂಪಾಯಿಯ ನಿಧಿಯಾದರೂ ಮುಖ್ಯವಾಗಿ ಖಾಸಗಿ ಉದ್ಯಮಕ್ಕೆ ಸುಲಭ ಬಡ್ಡಿಯ ಸಾಲ ಒದಗಿಸಲು.

ಉದ್ಯಮ ಸಂಶೋಧನೆಗೆ ಹಣ ಹೂಡುವುದು ಒಳ್ಳೆಯದೇ. ಆದರೆ ಜ್ಞಾನದ ಪೂರ್ಣ ಲಾಭ ಅದಕ್ಕೆ ಹಣ ಹಾಕಿದವನ ಕೈಗೇ ದಕ್ಕುವುದಿಲ್ಲವಾದ್ದರಿಂದ ಮಾರುಕಟ್ಟೆ ಅದಕ್ಕೆ ಸಮಾಜಕ್ಕೆ ಬೇಕಾದಷ್ಟು ಹಣ ಹೂಡಲಾರದೆಂದು ಕೆನೆತ್ ಆರೋ 1962ರಲ್ಲೇ ವಾದಿಸಿದ್ದರು. ಚಿಪ್ ವಿನ್ಯಾಸಕ್ಕೆ ಬಂಡವಾಳ ಸಿಗಬಹುದು. ರಾಗಿಯ ಬೆಂಕಿರೋಗಕ್ಕೆ, ಮಂಗನ ಕಾಯಿಲೆಗೆ, ಎರಡನೇ ತರಗತಿಯ ಓದಿಗೆ ಅದು ಸಿಗುವುದು ಕಷ್ಟ.

ಸೇವೆಯಲ್ಲಿದ್ದ ವರ್ಷಗಳಲ್ಲಿ ವಿಶ್ವವಿದ್ಯಾಲಯಗಳ ಕಡತಗಳನ್ನು ಓದುವ ಅವಕಾಶ ನನಗೆ ದೊರಕಿತ್ತು. ಮೊದಲ ಕಂತು ಡಿಸೆಂಬರ್‌ನಲ್ಲಿ ಬಿಡುಗಡೆಯಾಗಿ, ಮಾರ್ಚ್ 31ರೊಳಗೆ ಬಳಕೆ ಪ್ರಮಾಣಪತ್ರ ಕೇಳುವ ಪರಿಪಾಠ ಅಪರೂಪವಾಗಿರಲಿಲ್ಲ. ಲೆಕ್ಕಪತ್ರದ ವರ್ಷಕ್ಕೂ ಬಿತ್ತನೆಯ ಹಂಗಾಮಿಗೂ ಸಂಬಂಧವಿಲ್ಲ. ಕೇಂದ್ರ ಸರ್ಕಾರ 2025ರ ಜೂನ್‌ನಲ್ಲಿ ವಿಜ್ಞಾನ ಸಂಸ್ಥೆಗಳ ಖರೀದಿ ನಿಯಮಗಳನ್ನು ಸಡಿಲಿಸಿತು. ರಾಜ್ಯ ವಿಶ್ವವಿದ್ಯಾಲಯಗಳ ಖರೀದಿಗೂ ಇಂಥದೇ ವಿವೇಚನೆ ಅನ್ವಯಿಸಬೇಕು.

ಮಾಡಬೇಕಾದದ್ದು ಅಸಾಧ್ಯವಾದುದೇನಲ್ಲ. ಸಂಶೋಧನೆಯ ಬಗೆಗೆ ತಕ್ಕಂತೆ ಅನುದಾನದ ಅವಧಿ ನಿಗದಿಯಾಗಲಿ: ತಳಿ ಅಭಿವೃದ್ಧಿಗೆ ಹತ್ತು ವರ್ಷ, ಶಾಲಾ ಅಧ್ಯಯನಕ್ಕೆ ಒಂದು ತಲೆಮಾರಿನ ಮಕ್ಕಳು ಪ್ರಾಥಮಿಕ ಹಂತ ದಾಟುವಷ್ಟು ಕಾಲ. ಮೌಲ್ಯಮಾಪನ ಸಮಿತಿಯಲ್ಲಿ ವಿಷಯತಜ್ಞರ ಪಕ್ಕದಲ್ಲಿ ರೈತ, ತಾಲ್ಲೂಕು ವೈದ್ಯಾಧಿಕಾರಿ, ಪ್ರಾಥಮಿಕ ಶಾಲಾ ಶಿಕ್ಷಕಿ ಕೂರಲಿ. ವಿಫಲ ಪ್ರಯೋಗಗಳ ವರದಿಗೂ ಮನ್ನಣೆ ಇರಲಿ. ಈ ನೆಲದ್ದೇ ಆದ ಸಮಸ್ಯೆಗಳಿಗಾಗಿ ರಾಜ್ಯ ಸರ್ಕಾರ ವರ್ಷದ ಕೊನೆಗೆ ರದ್ದಾಗದ ಸ್ವಂತ ನಿಧಿಯೊಂದನ್ನು ಕಟ್ಟಲಿ. ಇವೆಲ್ಲಕ್ಕೂ ಮೊದಲು ಖಾಲಿ ಬಿದ್ದಿರುವ ಅಧ್ಯಾಪಕ ಹುದ್ದೆಗಳು ಭರ್ತಿಯಾಗಲಿ. ಅತಿಥಿ ಉಪನ್ಯಾಸಕರಿಂದ ದೀರ್ಘಕಾಲದ ಸಂಶೋಧನೆಯನ್ನು ನಿರೀಕ್ಷಿಸುವುದು ಅವರಿಗೂ ಅನ್ಯಾಯ, ಸಂಶೋಧನೆಗೂ ಅನ್ಯಾಯ.

ಶ್ರೇಯಾಂಕದ ಪಟ್ಟಿ ಮುಂದಿನ ವರ್ಷವೂ ಬರುತ್ತದೆ. ಅದಕ್ಕಿಂತ ಮುಂಚೆ, ಡಿಸೆಂಬರ್ ಕಳೆಯುವಷ್ಟರಲ್ಲಿ, ಮಲೆನಾಡಿನ ಹೆಂಗಸರು ತರಗೆಲೆ ಗುಡಿಸಿ ತರಲು ಕಾಡಿಗೆ ಹೊರಡುತ್ತಾರೆ. ಉಣ್ಣೆಗಳೂ ಆಗಲೇ ಹೊರಬೀಳುತ್ತವೆ. ನಮ್ಮ ಸಂಶೋಧನೆ ಎಲ್ಲಿಗೆ ಮುಟ್ಟಿದೆ ಎಂಬುದನ್ನು ಪಟ್ಟಿಯ ಸ್ಥಾನಕ್ಕಿಂತ ಆ ಹೆಂಗಸರ ಸುರಕ್ಷತೆಯೇ ಹೆಚ್ಚು ಪ್ರಾಮಾಣಿಕವಾಗಿ ಹೇಳಬಲ್ಲದು.